ಮಳೆ ರಜೆಯಲ್ಲಿ ವಿಡಿಯೊ ಕಳಿಸೋದು ಬಿಟ್ಟೆ, ಪ್ರಶ್ನೆ ಕಳಿಸಲು ಶುರು ಮಾಡಿದೆ: ಹೈಸ್ಕೂಲು ಮಕ್ಕಳ ಮನೆಕಲಿಕೆ ಮತ್ತು ಮೆದುಳು

ಘಟ್ಟದ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತು ಮತ್ತು ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮಲ್ಲಿ ಜುಲೈ ಬಂತು ಅಂದರೆ ರಜೆಯೂ ಬಂತು. ರೆಡ್ ಅಲರ್ಟ್ ಆದರೆ ಹಿಂದಿನ ರಾತ್ರಿಯೇ ಡಿಸಿ ಆದೇಶ ಗ್ರೂಪಿಗೆ ಬರುತ್ತದೆ. ಕಾಲುಸಂಕ ದಾಟಿ ಬರುವ ಮಕ್ಕಳಿದ್ದಾರೆ, ರಜೆ ಕೊಡಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಠದ ಗತಿ ಏನು?

2020ರಲ್ಲಿ ಸ್ಕೂಲು ಮುಚ್ಚಿದಾಗ ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ. ಲಿಂಕ್ ಕಳಿಸಿದೆ. ಚಂದನದಲ್ಲಿ ಸಂವೇದ ಪಾಠ ಎಷ್ಟು ಗಂಟೆಗೆ ಅಂತ ಹಾಕಿದೆ. ಮಳೆ ರಜೆಗೂ ಅದೇ ಅಭ್ಯಾಸ ಮುಂದುವರಿಯಿತು. ಒಂದು ಸಲ 38 ನಿಮಿಷದ ಒಂದು ವಿಡಿಯೊ ಕಳಿಸಿದ್ದೆ. ಹೃದಯದ ಪಾಠ. ರಜೆ ಮುಗಿದು ಬಂದ ಹುಡುಗನನ್ನು ಕೇಳಿದೆ, "ಏನು ಕಲಿತೆ?" ಅವನು ಹೇಳಿದ, "ವಿಡಿಯೊ ಪೂರ್ತಿ ನೋಡ್ದೆ ಮಿಸ್." ಸರಿ, ಹೃದಯದ ಚಿತ್ರ ಬರಿ ಅಂದೆ. ಒಂದು ವೃತ್ತ ಎಳೆದು ನಿಂತುಬಿಟ್ಟ. ಸುಳ್ಳು ಹೇಳುವ ಹುಡುಗ ಅಲ್ಲ ಅವನು. ನಿಜವಾಗಿಯೂ ಪೂರ್ತಿ ನೋಡಿದ್ದ. ನೋಡಿದ್ದು ಕಲಿತ ಹಾಗೆ ಅಂತ ಅವನೂ ಅಂದುಕೊಂಡಿದ್ದ, ನಾನೂ ಅಂದುಕೊಂಡಿದ್ದೆ.

ಆಮೇಲೆ ಮೆದುಳು ಹೇಗೆ ಕಲಿಯುತ್ತದೆ ಅಂತ ಓದಲು ಶುರು ಮಾಡಿದೆ. ಎರಡು ವಿಷಯ ನನ್ನ ಪಾಠವನ್ನೇ ಬದಲಿಸಿದವು.

ಒಂದು, ಮರೆವು. ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಬರೆದದ್ದು. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಧಡಾರನೆ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. 2015ರಲ್ಲಿ ಬೇರೆಯವರು ಅದೇ ಪ್ರಯೋಗ ಮತ್ತೆ ಮಾಡಿದರು. ಹೆಚ್ಚುಕಡಿಮೆ ಅದೇ ಗೆರೆ ಬಂತು.

ಇನ್ನೊಂದು, 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳ ಜೊತೆ ಮಾಡಿದ ಪ್ರಯೋಗ. ಒಂದು ಗುಂಪು ಒಂದು ಸಣ್ಣ ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಹಾಳೆ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟರೆ ಎರಡು ಸಲ ಓದಿದವರೇ ಮುಂದು: ಅವರಿಗೆ ನೂರಕ್ಕೆ 81, ಇವರಿಗೆ 75. ಒಂದು ವಾರ ಬಿಟ್ಟು ಕೇಳಿದರೆ ತಿರುಗುಮುರುಗು. ಎರಡು ಸಲ ಓದಿದವರಿಗೆ 42, ಓದಿ ನೆನಪಿಸಿಕೊಂಡವರಿಗೆ 56.

ಅಂದರೆ ಮನೆಯಲ್ಲಿ ಕೂತ ಮಗುವಿಗೆ ಇನ್ನೊಂದು ವಿಡಿಯೊ ಬೇಕಾಗಿಲ್ಲ. ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುವ ಒಂದು ಕಾರಣ ಬೇಕು. ಅದಕ್ಕೆ ನೆಟ್‌ವರ್ಕ್ ಬೇಡ, ಕರೆಂಟೂ ಬೇಡ.

ಈಗ ನಾನು ಮಾಡುವುದು ಇಷ್ಟೆ. ರಜೆ ದಿನ ಸಂಜೆ ಏಳಕ್ಕೆ ಮೂರು ಪ್ರಶ್ನೆ, ನನ್ನ ದನಿಯಲ್ಲಿ, ವಾಟ್ಸಾಪಿನಲ್ಲಿ. ಒಂದು ನಿಮಿಷವೂ ಇರುವುದಿಲ್ಲ. ಏಳಕ್ಕೇ ಯಾಕೆಂದರೆ ಅಪ್ಪ ತೋಟದಿಂದ ಬಂದ ಮೇಲೆಯೇ ಫೋನು ಮಕ್ಕಳ ಕೈಗೆ ಸಿಗುವುದು. ಒಂದು ಪ್ರಶ್ನೆ ಈ ವಾರದ ಪಾಠದ್ದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನೀಲಿ ಪೆನ್ನಿನಲ್ಲಿ ಉತ್ತರ. ಆಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನು ಹಸಿರು ಪೆನ್ನಿನಲ್ಲಿ ಸೇರಿಸಬೇಕು. ಮಾರ್ಕ್ಸ್ ಇಲ್ಲ.

ಸಿಗ್ನಲ್ಲೇ ಇಲ್ಲದ ಮನೆಗಳಿಗೆ ಜೂನ್ ಮೊದಲ ವಾರದಲ್ಲೇ ಅರವತ್ತು ಪ್ರಶ್ನೆಗಳ ಒಂದು ಹಾಳೆ ನೋಟ್‌ಬುಕ್ಕಿಗೆ ಅಂಟಿಸಿ ಕಳಿಸುತ್ತೇನೆ. ಮಕ್ಕಳು ಅದಕ್ಕೆ "ಮಳೆಪಟ್ಟಿ" ಅಂತ ಹೆಸರಿಟ್ಟಿದ್ದಾರೆ.

ನಿಮ್ಮ ಕಡೆ ಏನು ಮಾಡುತ್ತಿದ್ದೀರಿ? ದಯವಿಟ್ಟು ಹೇಳಿ. ನನಗೆ ಇನ್ನೂ ಗೊತ್ತಾಗದ್ದು ಬಹಳ ಇದೆ.

ಲೆಕ್ಕದ ಮೇಷ್ಟ್ರು, ಕೊಪ್ಪಳ

ಮೇಡಂ, ನಮ್ಮಲ್ಲಿ ಮಳೆ ರಜೆ ಅಪರೂಪ. ಆದರೆ ಮನೆಗೆ ಕೆಲಸ ಕಳಿಸುವ ಗೋಳು ಅದೇ. ನಿಮ್ಮ ಮೂರು ಪ್ರಶ್ನೆ ಮೂರು ಬೇರೆ ಕಾಲದ್ದು ಅಂದಿರಲ್ಲ, ಗಣಿತದಲ್ಲಿ ಅದಕ್ಕೆ ಇನ್ನೊಂದು ಲಾಭ ಇದೆ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಮಕ್ಕಳು ವರ್ಗ ಸಮೀಕರಣದ ಅಭ್ಯಾಸ ಮಾಡುವಾಗ ಇಪ್ಪತ್ತು ಲೆಕ್ಕವೂ ವರ್ಗ ಸಮೀಕರಣದವೇ ಇರುತ್ತವೆ. ಲೆಕ್ಕ ಓದುವ ಮೊದಲೇ ಸೂತ್ರ ಗೊತ್ತು. ಕೈ ಓಡುತ್ತದೆ, ತಲೆ ಓಡುವುದಿಲ್ಲ. ಪರೀಕ್ಷೆಯಲ್ಲಿ ಯಾರೂ "ಇದು ಇಂಥ ಅಧ್ಯಾಯದ್ದು" ಅಂತ ಹೇಳುವುದಿಲ್ಲವಲ್ಲ. ಅಲ್ಲಿ ಸಿಕ್ಕಿ ಬೀಳುತ್ತಾರೆ.

ನಾನು ಲೆಕ್ಕಗಳನ್ನು ಕಲಸಿ ಕೊಡುತ್ತೇನೆ. ಒಂದು ಉದಾಹರಣೆ: "3, 8, 13... ಈ ಶ್ರೇಢಿಯ ಎಷ್ಟನೇ ಪದ 78?" ಅದರ ಕೆಳಗೇ "24, 21, 18... ಎಷ್ಟು ಪದ ಕೂಡಿಸಿದರೆ 78?" ಎರಡೂ ಸಮಾಂತರ ಶ್ರೇಢಿಯೇ, ಎರಡರಲ್ಲೂ 78 ಇದೆ. ಮೊದಲನೆಯದಕ್ಕೆ ಹದಿನಾರನೇ ಪದ ಅಂತ ಥಟ್ಟನೆ ಬರುತ್ತದೆ. ಎರಡನೆಯದು ಹೋಗಿ ವರ್ಗ ಸಮೀಕರಣದಲ್ಲಿ ನಿಲ್ಲುತ್ತದೆ, 4 ಮತ್ತು 13 ಅಂತ ಎರಡು ಉತ್ತರ ಬರುತ್ತದೆ. ಕಳೆದ ವರ್ಷ ಒಬ್ಬಳು ಹುಡುಗಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ಸರ್, ಎರಡು ಉತ್ತರ ಬಂದೈತಿ, ಯಾವುದು ತಪ್ಪು?" ಅಂತ ಕೇಳಿದಳು. ಎರಡೂ ಸರಿ, ಯಾಕೆ ಅಂತ ನೀನೇ ಹುಡುಕು ಅಂದೆ. ಹತ್ತು ನಿಮಿಷಕ್ಕೆ ಮತ್ತೆ ಫೋನ್. "ಐದನೇ ಪದದಿಂದ ಹದಿಮೂರನೇದರ ತನಕ ಕೂಡಿಸಿದರ ಸೊನ್ನೆ ಬರತೈತಿ ಸರ್!" ಆ ದನಿ ನನಗೆ ಇನ್ನೂ ಕಿವಿಯಲ್ಲಿದೆ.

ಅಮೆರಿಕದ ಫ್ಲೋರಿಡಾದಲ್ಲಿ ರೋರರ್ ಮತ್ತು ಅವರ ಜೊತೆಗಾರರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಏಳನೇ ತರಗತಿಯ 54 ಕ್ಲಾಸುಗಳು. ಕಲಸಿದ ಲೆಕ್ಕ ಮಾಡಿದವರಿಗೆ ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ 61, ಒಂದೇ ಬಗೆಯ ಲೆಕ್ಕ ಸಾಲಾಗಿ ಮಾಡಿದವರಿಗೆ 38. ಪರೀಕ್ಷೆ ಇದೆ ಅಂತ ಮೊದಲೇ ಹೇಳಿರಲಿಲ್ಲ.

ಆದರೆ ಮೊದಲ ತಿಂಗಳು ಮಕ್ಕಳಿಗೆ ಸಿಟ್ಟು ಬರುತ್ತದೆ. ಮೊದಲೆಲ್ಲ ಇಪ್ಪತ್ತಕ್ಕೆ ಹದಿನೆಂಟು ಸರಿ ಇರುತ್ತಿತ್ತು, ಈಗ ಹತ್ತು. "ಸರ್ ನಮಗೆ ಗಣಿತ ಹೋಯ್ತು" ಅನ್ನುತ್ತಾರೆ. ಆಗ ಬಿಡಬಾರದು.

ಶಿರಸಿ ಅಮ್ಮ

ನಾನು ಟೀಚರ್ ಅಲ್ಲ. ಮಗ ಹತ್ತನೇ ಕ್ಲಾಸು. ಸ್ಕೂಲು ಮುಗಿಸಿ ಬಂದು ಸಂಜೆ ಆರರಿಂದ ಎಂಟೂವರೆ ತನಕ ಆನ್‌ಲೈನ್ ಟ್ಯೂಶನ್. ಕ್ಯಾಮೆರಾ ಆಫ್. ಮೊನ್ನೆ ಚಹಾ ಕೊಡಲು ಹೋದೆ. ಪಾಠ ಒಂದು ಕಡೆ ಓಡುತ್ತಿದೆ, ಅವನು ಕಿಟಕಿಯಾಚೆ ಅಡಿಕೆ ಮರ ನೋಡುತ್ತಿದ್ದಾನೆ. ಬೈಯಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದ ಮಗು. ನನಗೇ ಪಾಪ ಅನ್ನಿಸಿತು.

ಎರಡು ಪ್ರಶ್ನೆ. ಒಂದು, ಇಷ್ಟು ಹೊತ್ತು ಸ್ಕ್ರೀನ್ ಮುಂದೆ ಕೂತರೆ ತಲೆಗೆ ಏನಾದರೂ ಹೋಗುತ್ತದಾ? ಎರಡು, ನಮ್ಮೂರಿಗೆ ಒಂದು ಸಂಸ್ಥೆಯವರು ಬಂದಿದ್ದರು. "ಮಿಡ್‌ಬ್ರೈನ್ ಆಕ್ಟಿವೇಶನ್" ಅಂತೆ. ಕಣ್ಣಿಗೆ ಪಟ್ಟಿ ಕಟ್ಟಿ ಮಕ್ಕಳು ಬಣ್ಣ ಹೇಳಿದರು. ಇಪ್ಪತ್ತು ಸಾವಿರ ಫೀಸು. ನಾದಿನಿ ಕಟ್ಟಿಯೇ ಬಿಟ್ಟಳು. ನನಗೂ ಕಟ್ಟು ಅನ್ನುತ್ತಿದ್ದಾಳೆ. ಇದೂ ಮೆದುಳಿನ ವಿಜ್ಞಾನವೇನಾ?

ನರಕೋಶ

ಅಕ್ಕಾ, ದಯವಿಟ್ಟು ಕಟ್ಟಬೇಡಿ. ನಾನು ಬೆಂಗಳೂರಿನಲ್ಲಿ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೊದಲು ಎರಡನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ದುಡ್ಡು ಹೋಗುತ್ತದೆ.

ನಿಮ್ಮ ಮಗನ ಹತ್ತನೇ ಕ್ಲಾಸಿನ ಪುಸ್ತಕದಲ್ಲೇ "ನಿಯಂತ್ರಣ ಮತ್ತು ಸಹಭಾಗಿತ್ವ" ಅನ್ನುವ ಪಾಠ ಇದೆ. ಮುಮ್ಮೆದುಳು, ಮಧ್ಯಮೆದುಳು (ಅವರು ಹೇಳುವ ಮಿಡ್‌ಬ್ರೈನ್ ಇದೇ), ಹಿಮ್ಮೆದುಳು. ಅವನನ್ನೇ ಕೇಳಿ. ಬೆಳಕು ಬಿದ್ದರೆ ಕಣ್ಣಿನ ಪಾಪೆ ಕಿರಿದಾಗುವಂಥ ಕೆಲಸಗಳು ಮಧ್ಯಮೆದುಳಿನವು. ಅದು ಹುಟ್ಟಿದಾಗಿನಿಂದ "ಆನ್" ಆಗಿಯೇ ಇದೆ. ಯಾರೂ ಬಂದು ಚಾಲೂ ಮಾಡಬೇಕಾಗಿಲ್ಲ. ಪಟ್ಟಿ ಕಟ್ಟಿದಾಗ ಮೂಗಿನ ಪಕ್ಕದ ಸಂದಿಯಿಂದ ಕೆಳಗೆ ಕಾಣುತ್ತದೆ, ಅಷ್ಟೆ. ಸಂದಿ ಮುಚ್ಚಿದರೆ ಆಟ ನಿಲ್ಲುತ್ತದೆ. ಮಂಗಳೂರಿನ ನರೇಂದ್ರ ನಾಯಕ್ ಅವರಂಥ ವಿಚಾರವಾದಿಗಳು ಇದನ್ನು ವರ್ಷಗಳಿಂದ ಬಹಿರಂಗವಾಗಿ ಪ್ರಶ್ನಿಸುತ್ತಿದ್ದಾರೆ. ಇದರಲ್ಲಿ ನನಗೆ ಬೇಜಾರಾಗುವುದು ದುಡ್ಡಿನ ವಿಷಯಕ್ಕಿಂತ ಜಾಸ್ತಿ, ಮಕ್ಕಳಿಗೆ ಸುಳ್ಳು ಹೇಳುವುದನ್ನು ಕಲಿಸುತ್ತಾರಲ್ಲ, ಅದು.

ಅದೇ ಸಾಲಿಗೆ ಸೇರುವ ಇನ್ನೊಂದು ನಂಬಿಕೆ: "ಇವನು ನೋಡಿ ಕಲಿಯುವವನು, ಅವಳು ಕೇಳಿ ಕಲಿಯುವವಳು" ಅಂತ ಮಕ್ಕಳನ್ನು ವಿಂಗಡಿಸುವುದು. 2008ರಲ್ಲಿ ಪ್ಯಾಶ್ಲರ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಪುರಾವೆಗಳನ್ನೆಲ್ಲ ತೂಗಿ ನೋಡಿದರು. ಹಾಗೆ ವಿಂಗಡಿಸಿ ಪಾಠ ಮಾಡಿದರೆ ಲಾಭ ಅನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಎಲ್ಲರಿಗೂ ಚಿತ್ರವೂ ಬೇಕು, ಮಾತೂ ಬೇಕು.

ಈಗ ಮೊದಲನೇ ಪ್ರಶ್ನೆ. ಎರಡೂವರೆ ಗಂಟೆ ಒಂದೇ ಸಮನೆ ಕೇಳಿಸಿಕೊಳ್ಳುವುದು ದೊಡ್ಡವರಿಗೂ ಆಗುವುದಿಲ್ಲ. 2013ರಲ್ಲಿ ಹಾರ್ವರ್ಡಿನ ಶ್ಪುನಾರ್, ಖಾನ್ ಮತ್ತು ಶಾಕ್ಟರ್ ಒಂದು ಪ್ರಯೋಗ ಮಾಡಿದರು. ಸಂಖ್ಯಾಶಾಸ್ತ್ರದ 21 ನಿಮಿಷದ ಒಂದು ವಿಡಿಯೊ ಪಾಠ. ಅದನ್ನು ನಾಲ್ಕು ತುಂಡು ಮಾಡಿದರು. ಕೆಲವರಿಗೆ ಪ್ರತಿ ತುಂಡಿನ ಕೊನೆಗೆ ಸಣ್ಣ ಪರೀಕ್ಷೆ. ಅವರ ಮನಸ್ಸು ಬೇರೆ ಕಡೆ ಹೋದದ್ದು ಉಳಿದವರಿಗಿಂತ ಅರ್ಧಕ್ಕೂ ಕಡಿಮೆ. ನೋಟ್ಸ್ ಕೂಡ ಜಾಸ್ತಿ ಬರೆದುಕೊಂಡರು. ವಿಡಿಯೊ ಅದೇ, ಪಾಠ ಮಾಡಿದವರೂ ಅವರೇ. ನಡುವೆ "ಈಗ ಹೇಳು" ಅಂತ ಕೇಳಿದ್ದು ಮಾತ್ರ ಬೇರೆ. ನಿಮ್ಮ ಮಗ ಅಡಿಕೆ ಮರ ನೋಡಿದ್ದು ಸೋಮಾರಿತನ ಅಲ್ಲ. ಯಾರೂ ಏನೂ ಕೇಳದಿದ್ದರೆ ಮನಸ್ಸು ಹಾಗೇ ತೇಲುತ್ತದೆ.

ಇನ್ನು ನಿದ್ದೆ. ಇದರ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ. ಹದಿಹರೆಯದಲ್ಲಿ ದೇಹದ ಗಡಿಯಾರ ಹಿಂದೆ ಸರಿಯುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. ನಿದ್ದೆಯ ವಿಜ್ಞಾನಿ ಮೇರಿ ಕಾರ್ಸ್‌ಕಡನ್ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಹಾಗಾಗಿ ಹದಿನೈದರ ಹುಡುಗ ರಾತ್ರಿ ಹತ್ತಕ್ಕೆ ನಿದ್ದೆ ಬರುತ್ತಿಲ್ಲ ಅಂದರೆ ಅದು ಹಟ ಅಲ್ಲ. ಆದರೆ ಬೇಕಾದ ನಿದ್ದೆ ಕಡಿಮೆಯಾಗುವುದಿಲ್ಲ: 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು. ನಿದ್ದೆಯಲ್ಲಿ ಮೆದುಳು ಸುಮ್ನೆ ಇರುವುದಿಲ್ಲ. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳ ಮೆದುಳಿನಲ್ಲಿ ಹಿಪೊಕ್ಯಾಂಪಸ್ ಅನ್ನುವ, ನೆನಪು ಕಟ್ಟುವ ಭಾಗವನ್ನು ಗಮನಿಸಿದರು. ಓಡಾಡುವಾಗ ಒಟ್ಟಿಗೆ ಮಿಡಿದ ನರಕೋಶಗಳು ಆಮೇಲೆ ನಿದ್ದೆಯಲ್ಲೂ ಒಟ್ಟಿಗೆ ಮಿಡಿಯುತ್ತಿದ್ದವು. ಎಚ್ಚರದಲ್ಲಿದ್ದಾಗಿನ ಪಾಠವನ್ನು ಇಲಿ ನಿದ್ದೆಯಲ್ಲಿ ಮತ್ತೆ ತಿರುವಿ ಹಾಕಿದ ಹಾಗೆ. ಆನ್‌ಲೈನ್ ಕ್ಲಾಸು, ಆಮೇಲೆ ಹೋಮ್‌ವರ್ಕ್ ಫೋಟೊ ತೆಗೆದು ಅಪ್‌ಲೋಡ್, ಆಮೇಲೆ ಹನ್ನೆರಡರ ತನಕ ರೀಲ್ಸ್. ಇಷ್ಟೆಲ್ಲ ಆದ ಮೇಲೆ ಆರಕ್ಕೆ ಎಬ್ಬಿಸಿದರೆ, ಕಲಿತದ್ದು ಗಟ್ಟಿಯಾಗುವ ಹೊತ್ತನ್ನೇ ಕಿತ್ತುಕೊಂಡ ಹಾಗೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಘಟ್ಟದ ಮೇಡಂ ಮತ್ತು ಮೇಷ್ಟ್ರು ಹೇಳಿದ ಪ್ರಯೋಗಗಳಲ್ಲಿ ಯಾರೂ ಮೆದುಳನ್ನು ಸ್ಕ್ಯಾನ್ ಮಾಡಿಲ್ಲ. ಕಾಗದ, ಪೆನ್ನು, ಗಡಿಯಾರ ಇಟ್ಟುಕೊಂಡು ಮಾಡಿದ ಮನಶ್ಶಾಸ್ತ್ರದ ಕೆಲಸ ಅದು. ಪಾಠ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದೂ ಅದೇ. ಬಣ್ಣಬಣ್ಣದ ಮೆದುಳಿನ ಚಿತ್ರ ತೋರಿಸಿ ಕೋರ್ಸ್ ಮಾರುವವರು ಬಂದರೆ ಸ್ವಲ್ಪ ಹುಷಾರಾಗಿರಿ.

ಹಳೇ ಮೇಷ್ಟ್ರು

ಮೂವತ್ತನಾಲ್ಕು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ಓದಿ ಸಂತೋಷವಾಯಿತು, ಒಂದು ಆತಂಕವೂ ಆಯಿತು. ನೆನಪು, ನೆನಪು ಅಂತ ಇಷ್ಟು ಹೇಳಿದರೆ ಮತ್ತೆ ಬಾಯಿಪಾಠಕ್ಕೇ ಹೋಗುವುದಿಲ್ಲವೇ? ಮಕ್ಕಳು ಉರು ಹೊಡೆಯಬಾರದು, ತಿಳಿದು ಕಲಿಯಬೇಕು ಅಂತ ನಾವು ಎಷ್ಟು ಒದ್ದಾಡಿದೆವು! ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ನಲಿಕಲಿ ಶುರುವಾದಾಗ ನಾವೆಲ್ಲ ಎಷ್ಟು ಖುಷಿಪಟ್ಟಿದ್ದೆವು. ಮಕ್ಕಳ ಕೈಗೆ ಕಾರ್ಡು ಬಂತು, ಹಾಡು ಬಂತು, ಬೆತ್ತ ಹೋಯಿತು. ಮತ್ತೆ ಹಿಂದಕ್ಕೆ ಹೋಗುವುದು ಬೇಡ.

ಘಟ್ಟದ ಮೇಡಂ

ಸರ್, ನಿಮ್ಮ ಆತಂಕ ನನಗೂ ಇತ್ತು. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು.

ನಾನು ಕಳಿಸುವ ಪ್ರಶ್ನೆ ಹೇಗಿರುತ್ತದೆ ಅಂತ ಹೇಳುತ್ತೇನೆ, ನೀವೇ ನೋಡಿ. "ಹೃದಯದಲ್ಲಿ ಎಷ್ಟು ಕೋಣೆ ಇವೆ?" ಅಂತ ಕೇಳುವುದಿಲ್ಲ. "ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ದಪ್ಪ. ಯಾಕೆ?" ಅಂತ ಕೇಳುತ್ತೇನೆ. "ಮೀನಿಗೆ ಎರಡೇ ಕೋಣೆ ಸಾಕು, ನಮಗೆ ಯಾಕೆ ಸಾಲದು?" "ಅಡುಗೆಮನೆ ಬಲ್ಬು ಸುಟ್ಟುಹೋದರೂ ಜಗಲಿಯ ಬಲ್ಬು ಉರಿಯುತ್ತದಲ್ಲ, ವೈರು ಹೇಗೆ ಜೋಡಿಸಿದ್ದಾರೆ?" ಇದಕ್ಕೆ ಉರು ಹೊಡೆದ ಉತ್ತರ ಸಾಲುವುದಿಲ್ಲ. ಆದರೆ ಉತ್ತರಿಸಬೇಕಾದರೆ ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ತಲೆಯಲ್ಲಿ ಇರಲೇಬೇಕು. ಏನೂ ನೆನಪಿಲ್ಲದವರು ಯೋಚಿಸುವುದಾದರೂ ಯಾವುದರ ಮೇಲೆ?

ಕಾರ್ಪಿಕಿ ಮತ್ತು ಬ್ಲಂಟ್ 2011ರಲ್ಲಿ ಇದನ್ನೇ ನೋಡಿದರು. ಒಂದು ಗುಂಪು ಪಾಠ ಎದುರಿಗಿಟ್ಟುಕೊಂಡು ಪರಿಕಲ್ಪನೆಗಳ ನಕ್ಷೆ ಬರೆಯಿತು. ಇನ್ನೊಂದು ಗುಂಪು ಪಾಠ ಮುಚ್ಚಿ ನೆನಪಿನಿಂದ ಬರೆಯಿತು. ವಾರ ಬಿಟ್ಟು ನೇರ ಪ್ರಶ್ನೆ ಕೇಳಿದಾಗಲೂ, ಯೋಚಿಸಿ ಕೂಡಿಸಿ ಹೇಳಬೇಕಾದ ಪ್ರಶ್ನೆ ಕೇಳಿದಾಗಲೂ ನೆನಪಿನಿಂದ ಬರೆದವರೇ ಮುಂದೆ ಇದ್ದರು.

ಇನ್ನೊಂದು ವಿಷಯ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ ಸರ್. ನಮ್ಮಲ್ಲಿ "ಪಾಠ ಒಪ್ಪಿಸು" ಅನ್ನುವ ಮಾತಿತ್ತು. ದೀಪ ಹಚ್ಚಿದ ಮೇಲೆ ಅಜ್ಜನ ಮುಂದೆ ಕೂತು ಮಗ್ಗಿ ಒಪ್ಪಿಸಬೇಕು, ಪದ್ಯ ಒಪ್ಪಿಸಬೇಕು. ಅದರಲ್ಲಿ ಹೆದರಿಕೆ ಇತ್ತು, ಅದು ಹೋದದ್ದು ಒಳ್ಳೆಯದೇ. ಆದರೆ ಪುಸ್ತಕ ಇನ್ನೊಬ್ಬರ ಕೈಯಲ್ಲಿ ಕೊಟ್ಟು ಹೇಳುವುದಿತ್ತಲ್ಲ, ಅದು ತುಂಬ ಒಳ್ಳೆ ಅಭ್ಯಾಸ. ಹೆದರಿಕೆ ಹೋಗಲಿ, ಒಪ್ಪಿಸುವುದು ಇರಲಿ ಅನ್ನುವುದು ನನ್ನ ಆಸೆ. ನಮ್ಮ ಒಬ್ಬಳು ಹುಡುಗಿ ದನದ ಕೊಟ್ಟಿಗೆಯಲ್ಲಿ ಅಜ್ಜಿಗೆ ಒಪ್ಪಿಸುತ್ತಾಳೆ. ಅಜ್ಜಿಗೆ ಓದು ಬರಹ ಬರುವುದಿಲ್ಲ. "ಅದೆಂತ ಹಾಗಂದ್ರೆ?" ಅಂತ ಕೇಳುತ್ತಾರಂತೆ. ಅದಕ್ಕಿಂತ ಒಳ್ಳೆ ಪ್ರಶ್ನೆ ನನಗೂ ಬರುವುದಿಲ್ಲ.

ಹಳೇ ಮೇಷ್ಟ್ರು

ಅಜ್ಜಿಯ ಮಾತು ಓದಿ ಕಣ್ಣು ತುಂಬಿತು. ಒಪ್ಪಿದೆ ತಾಯಿ.

ಹತ್ತನೇ ಕ್ಲಾಸು

ನಾನು ಸ್ಟೂಡೆಂಟ್. ಬರೆಯಬಹುದಾ? ನಾನು ವಿಡಿಯೊಗಳನ್ನು ಡಬಲ್ ಸ್ಪೀಡಿನಲ್ಲಿ ನೋಡುತ್ತೇನೆ. ನೋಡುವಾಗ ಎಲ್ಲ ಅರ್ಥ ಆಗುತ್ತದೆ. ನಿಜವಾಗಲೂ ಆಗುತ್ತದೆ. ಟೆಸ್ಟಿನಲ್ಲಿ ಖಾಲಿ. ಅಮ್ಮ ಓದೇ ಇಲ್ಲ ಅನ್ನುತ್ತಾರೆ. ನಾನು ಓದಿದ್ದೇನೆ. ನನಗೆ ನೆನಪಿನ ಶಕ್ತಿ ಕಡಿಮೆಯಾ?

ಲೆಕ್ಕದ ಮೇಷ್ಟ್ರು, ಕೊಪ್ಪಳ

ಧಾರಾಳವಾಗಿ ಬರಿ ಮಗಾ. ನಿನ್ನ ನೆನಪಿಗೆ ಏನೂ ಆಗಿಲ್ಲ. ಗುರುತು ಹಿಡಿಯುವುದು ಬೇರೆ, ನೆನಪು ಮಾಡಿಕೊಳ್ಳುವುದು ಬೇರೆ. ಸಂತೆಯಲ್ಲಿ ಸಿಕ್ಕ ಮುಖ ಪರಿಚಯದ್ದು ಅಂತ ಗೊತ್ತಾಗುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ ಅಲ್ವಾ? ವಿಡಿಯೊ ನೋಡುವಾಗ ಆಗುವುದು ಮೊದಲನೆಯದು. ಟೆಸ್ಟಿನಲ್ಲಿ ಬೇಕಾಗಿರುವುದು ಎರಡನೆಯದು.

2021ರ ಎಸ್‌ಎಸ್‌ಎಲ್‌ಸಿ ನೆನಪಿದೆಯಾ ಎಲ್ಲರಿಗೂ? ಜುಲೈ 19 ಮತ್ತು 22, ಎರಡೇ ದಿನ, ಬರೀ ಬಹು ಆಯ್ಕೆ ಪ್ರಶ್ನೆ, ಓಎಂಆರ್ ಹಾಳೆ. ಆ ಹೊತ್ತಿಗೆ ಅದು ಸರಿಯಾದ ತೀರ್ಮಾನವೇ. ಆದರೆ ಆ ವರ್ಷವಿಡೀ ನಾವು ಗುರುತು ಹಿಡಿಯುವ ಅಭ್ಯಾಸವನ್ನೇ ಮಾಡಿಸಿದೆವು. ಪಿಯುಸಿಗೆ ಹೋದ ಮಕ್ಕಳಲ್ಲಿ ಕೆಲವರು ವಾಪಸ್ ಬಂದು "ಸರ್, ಬರೆಯಲಿಕ್ಕೇ ಕೈ ಬರುತ್ತಿಲ್ಲ" ಅಂದಾಗ ನನಗೆ ಬಹಳ ನೋವಾಯಿತು.

ನೀನು ಹೀಗೆ ಮಾಡಿ ನೋಡು. ಐದು ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲಿಸು. ಫೋನು ಮಗುಚಿ ಇಡು. ಈಗ ಕೇಳಿದ್ದನ್ನು ಮೂರು ಸಾಲಿನಲ್ಲಿ ಬರಿ. ಬರಲಿಲ್ಲ ಅಂದರೆ ಮಾತ್ರ ಹಿಂದಕ್ಕೆ ಹೋಗು. ಇಪ್ಪತ್ತು ನಿಮಿಷದ ವಿಡಿಯೊಗೆ ನಲವತ್ತು ನಿಮಿಷ ಹಿಡಿಯುತ್ತದೆ. ಹಿಡಿಯಲಿ ಬಿಡು.

ಕನ್ನಡದಿಂದ ಇಂಗ್ಲಿಷಿಗೆ

ಇನ್ನೊಂದು ಹೊರೆ ಬಗ್ಗೆ ಯಾರೂ ಹೇಳಲಿಲ್ಲ. ನಾನು ಮೈಸೂರು ಕಡೆ ಇಂಗ್ಲಿಷ್ ಮೀಡಿಯಂ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಏಳನೇ ತನಕ ಕನ್ನಡದಲ್ಲಿ ಓದಿ ಎಂಟಕ್ಕೆ ನಮ್ಮಲ್ಲಿ ಬರುವ ಮಕ್ಕಳು ಬಹಳ.

ನೆಲ್ಸನ್ ಕೋವನ್ 2001ರಲ್ಲಿ ತೋರಿಸಿದ ಪ್ರಕಾರ, ನಮ್ಮ ತಲೆ ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ಸುಮಾರು ನಾಲ್ಕು ಸಂಗತಿ. ಬೊಗಸೆಯಲ್ಲಿ ನೀರು ಹಿಡಿದ ಹಾಗೆ. ಹೊಸ ವಿಷಯ ಒಂದು, ಅದರ ಇಂಗ್ಲಿಷ್ ಪದ ಒಂದು, ಸ್ಪೆಲ್ಲಿಂಗ್ ಒಂದು, ಮೇಷ್ಟರ ವೇಗದ ಇಂಗ್ಲಿಷ್ ಮಾತು ಒಂದು. ಬೊಗಸೆ ತುಂಬಿತು. ಚಿತ್ರ ನೋಡಲು ಜಾಗವೇ ಇಲ್ಲ. ಕ್ಲಾಸಿನಲ್ಲಿ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ, ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತೇನೆ. ಆನ್‌ಲೈನಿನಲ್ಲಿ ಮುಖ ಕಾಣುವುದಿಲ್ಲ.

ಹಾಗಾಗಿ ಮನೆಗೆ ಕಳಿಸುವ ಪಾಠದಲ್ಲಿ ಕ್ರಮ ಬದಲಿಸಿದೆ. ಮೊದಲ ದಿನ ನಾಲ್ಕು ನಿಮಿಷದ ಕನ್ನಡದ ಆಡಿಯೊ. ಎಲೆ ಹೇಗೆ ಉಸಿರಾಡುತ್ತದೆ, ರಂಧ್ರ ಯಾವಾಗ ತೆರೆಯುತ್ತದೆ, ಬರೀ ಕಥೆ. ಮಾರನೇ ದಿನ ಒಂದೇ ಒಂದು ಚಿತ್ರ, ಇಂಗ್ಲಿಷ್ ಪದಗಳು ಚಿತ್ರದ ಮೇಲೆಯೇ, ಆಯಾ ಭಾಗದ ಪಕ್ಕದಲ್ಲೇ. ಕೆಳಗೆ ಎ, ಬಿ, ಸಿ ಅಂತ ಬೇರೆ ಪಟ್ಟಿ ಕೊಟ್ಟರೆ ಸಣ್ಣ ಫೋನಿನಲ್ಲಿ ಮಗು ಮೇಲೆ ಕೆಳಗೆ ಸರಿಸುತ್ತಲೇ ಸುಸ್ತಾಗುತ್ತದೆ. ಸ್ಲೈಡಿನ ಮೇಲೆ ಬರೆದದ್ದನ್ನೇ ಓದಿ ಹೇಳುವುದನ್ನೂ ಬಿಟ್ಟೆ. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತದೆ, ಎರಡೂ ಒಂದಕ್ಕೊಂದು ಅಡ್ಡ. ಈ ಹೊರೆ ಲೆಕ್ಕದ ಬಗ್ಗೆ ಜಾನ್ ಸ್ವೆಲ್ಲರ್ 1988ರಲ್ಲೇ ಬರೆದಿದ್ದಾರೆ. ರಿಚರ್ಡ್ ಮೇಯರ್ ಚಿತ್ರ, ಮಾತು, ಅಕ್ಷರ ಹೇಗೆ ಕೂಡಿಸಬೇಕು ಅಂತ ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ. ಹಿನ್ನೆಲೆ ಸಂಗೀತ, ಕುಣಿಯುವ ಕಾರ್ಟೂನು, ಎಲ್ಲ ತೆಗೆದುಬಿಡಿ. ಚಂದಕ್ಕೆ ಅಂತ ಹಾಕಿದ್ದು ಬೊಗಸೆಯಲ್ಲಿ ಜಾಗ ತಿನ್ನುತ್ತದೆ.

ಕಲಬುರಗಿ ಅಪ್ಪ

ಎಲ್ಲ ಛಲೋ ಮಾತು. ಆದರ ಒಂದು ಮಾತು ಹೇಳತೀನಿ, ಬೇಜಾರಾಗಬ್ಯಾಡ್ರಿ. ಹಳ್ಳಿ ಮಕ್ಕಳ ಓದಿನ ಸಮೀಕ್ಷೆ ಮಾಡುವ ಅಸರ್‌ನ 2020ರ ವರದಿ ಪ್ರಕಾರ ನಮ್ಮ ದೇಶದ ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳ ಪೈಕಿ ನೂರಕ್ಕೆ ಸುಮಾರು 62 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಮನೆಯಲ್ಲಿ ಇತ್ತು, ಮಗುವಿನ ಕೈಯಲ್ಲಿ ಅಲ್ಲ. ನಮ್ಮ ಮನೆಯಲ್ಲೂ ಒಂದೇ ಫೋನು, ನಾನು ದುಡಿಯಲು ಹೋದಾಗ ನನ್ನ ಕಿಸೆಯಲ್ಲಿ. ಮಗಳು ಆಗ ಒಂಬತ್ತನೇ ಕ್ಲಾಸು. ಆ ವರ್ಷ ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಯಿತು. ಮೇಷ್ಟ್ರು ಗುಡಿ ಕಟ್ಟೆಯ ಮೇಲೆ ಹತ್ತು ಮಕ್ಕಳನ್ನು ಕೂಡಿಸಿಕೊಂಡು ಪಾಠ ಮಾಡಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ನಿಂತಿತು. ಆ ಎರಡು ತಿಂಗಳು ಮಗಳ ಮುಖದಾಗ ಕಳೆ ಇತ್ತು. ನಿಂತ ಮೇಲೆ ಓಣಿಯ ಇಬ್ಬರು ಹುಡುಗಿಯರ ಮದುವೆಯೇ ಆಗಿಹೋಯಿತು. ಮೆದುಳಿನ ಶಾಸ್ತ್ರ ಅಲ್ಲಿತನಕ ಮುಟ್ಟಬೇಕಲ್ರಿ.

ಘಟ್ಟದ ಮೇಡಂ

ಅಣ್ಣಾ, ನೀವು ಹೇಳಿದ್ದು ಸತ್ಯ. ಬೇಜಾರೇನೂ ಇಲ್ಲ. ಕಾಗದದ ಹಾಳೆ ಹಿಡಿದು ಹೊರಟಿದ್ದು ನಾನು ಅದಕ್ಕೇ.

ನಮ್ಮಲ್ಲಿ ಮಕ್ಕಳು ಉತ್ತರದ ಹಾಳೆಯನ್ನು ಬೆಳಿಗ್ಗೆ ಹಾಲಿನ ಡೈರಿಗೆ ತರುತ್ತಾರೆ. ಎಷ್ಟು ಮಳೆ ಬಂದರೂ ಹಾಲು ಹಾಕಲು ಮನೆಯಿಂದ ಒಬ್ಬರು ಬಂದೇ ಬರುತ್ತಾರೆ. ಡೈರಿಯವರು ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡಿದ್ದಾರೆ. ನಾನು ವಾರಕ್ಕೆರಡು ಸಲ ಹೋಗಿ ತರುತ್ತೇನೆ. ಹಾಳೆ ಒದ್ದೆ ಇರುತ್ತದೆ, ಒಮ್ಮೊಮ್ಮೆ ಹಾಲಿನ ವಾಸನೆ. ಮಾರ್ಕ್ಸ್ ಹಾಕದೆ, ಪ್ರತಿ ಹಾಳೆಯ ಮೇಲೆ ಆ ಮಗುವಿನ ಹೆಸರು ಹಿಡಿದು ಒಂದು ಸಾಲು ಬರೆಯುತ್ತೇನೆ. ತನ್ನ ಹಾಳೆ ಯಾರೋ ಓದುತ್ತಾರೆ ಅಂತ ಗೊತ್ತಿದ್ದರೆ ಮಗು ಬರೆಯುತ್ತದೆ. ಇದಕ್ಕೆ ನನ್ನ ಬಳಿ ಅಧ್ಯಯನ ಇಲ್ಲ, ಕಣ್ಣಾರೆ ನೋಡಿದ್ದು.

ಆಗದೇ ಹೋದದ್ದನ್ನೂ ಹೇಳುತ್ತೇನೆ. ಮೊದಲ ವರ್ಷ ಉತ್ತರಗಳಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿದ್ದೆ. ಎಲ್ಲರೂ ಪುಸ್ತಕ ನೋಡಿ ಬರೆದರು. ಪುಸ್ತಕದ ವಾಕ್ಯವೇ, ಕಾಮಾ ಸಮೇತ. ಅಂಕ ನಿಲ್ಲಿಸಿದ ಮೇಲೆ ತಪ್ಪುಗಳು ಬರಲು ಶುರುವಾದವು. ಅವತ್ತು ನನಗೆ ಆದ ಖುಷಿ ಹೇಳತೀರದು. ಕೆಲವರು ಖಾಲಿ ಹಾಳೆ ನೋಡಿ ಅತ್ತರು. ಅವರಿಗೆ "ಗೊತ್ತಿಲ್ಲ ಅಂತ ಬರಿ, ಆಮೇಲೆ ಒಂದು ಊಹೆ ಬರಿ" ಅಂತ ಹೇಳಿದೆ. ತಪ್ಪಾಗಿ ಊಹಿಸಿ ಆಮೇಲೆ ಸರಿ ಉತ್ತರ ನೋಡಿದರೂ ನೆನಪು ಚೆನ್ನಾಗಿ ನಿಲ್ಲುತ್ತದೆ ಅಂತ ಕೋರ್ನೆಲ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದ್ದಾರೆ. ಸರಿ ಉತ್ತರ ನೋಡುವುದು ಮಾತ್ರ ತಪ್ಪಬಾರದು. ಹಸಿರು ಪೆನ್ನು ಅದಕ್ಕೇ.

"ಮೇಡಂ ಪಾಠ ಮಾಡದೆ ಬರೀ ಪ್ರಶ್ನೆ ಕಳಿಸುತ್ತಾರೆ" ಅಂತ ಪೋಷಕರ ಸಭೆಯಲ್ಲಿ ದೂರು ಬಂತು. ಅವರ ಮಕ್ಕಳನ್ನೇ ಎಬ್ಬಿಸಿ, ಜೂನ್‌ನಲ್ಲಿ ಮಾಡಿದ ಪಾಠದ್ದು ಒಂದೊಂದು ಕೇಳಿದೆ. ಸಭೆ ಸಲೀಸಾಗಿ ಮುಗಿಯಿತು. ಆದರೆ ಒಂದು ಒಪ್ಪುತ್ತೇನೆ: ಹೊಸ ಪಾಠವನ್ನು ಪ್ರಶ್ನೆಯಿಂದಲೇ ಕಲಿಸಲು ಆಗುವುದಿಲ್ಲ. ಮೊದಲ ಸಲ ಯಾರಾದರೂ ಎದುರು ನಿಂತು ಹೇಳಿಕೊಡಬೇಕು. ಅದಕ್ಕೇ ಸ್ಕೂಲು ಇರುವ ದಿನ ಹೊಸದು, ಮಳೆಯ ದಿನ ಹಳೆಯದು ಅಂತ ಇಟ್ಟುಕೊಂಡಿದ್ದೇನೆ.

ಶಿರಸಿ ಅಮ್ಮ

ನಾದಿನಿಗೆ ನರಕೋಶ ಅವರು ಬರೆದದ್ದನ್ನು ಓದಿ ಹೇಳಿದೆ. ಸುಮ್ಮನಾದಳು. ಟ್ಯೂಶನ್ ವಾರಕ್ಕೆ ಮೂರು ದಿನಕ್ಕೆ ಇಳಿಸಿದ್ದೇವೆ. ಉಳಿದ ದಿನ ಊಟ ಆದ ಮೇಲೆ ಮಗ ನನಗೆ ಒಪ್ಪಿಸುತ್ತಾನೆ. ನನಗೆ ವಿಜ್ಞಾನ ಗೊತ್ತಿಲ್ಲ. "ಅದೆಂತ ಹಾಗಂದ್ರೆ?" ಅಂತ ಕೇಳುತ್ತೇನೆ. ಹತ್ತೂವರೆಗೆ ಫೋನು ನನ್ನ ದಿಂಬಿನ ಕೆಳಗೆ.

ಹತ್ತನೇ ಕ್ಲಾಸು

ಮೇಡಂ, ನಾವು ನಿಮ್ಮ ಸ್ಕೂಲು ಅಲ್ಲ. ನಮಗೂ ಮೂರು ಪ್ರಶ್ನೆ ಕಳಿಸುತ್ತೀರಾ?

ಘಟ್ಟದ ಮೇಡಂ

ತಗೋ ಪುಟ್ಟಾ. ಪುಸ್ತಕ ಮುಚ್ಚಿದ ಮೇಲೆ ಓದು.

ಒಂದು: ಇರುವೆ ಕಚ್ಚಿದ ಜಾಗಕ್ಕೆ ಅಜ್ಜಿ ಸುಣ್ಣ ಹಚ್ಚುತ್ತಾರೆ. ಅಲ್ಲಿ ಏನು ನಡೆಯುತ್ತದೆ?

ಎರಡು: ಬೈಕಿನ ಹಿನ್ನೋಟದ ಕನ್ನಡಿಗೆ ಪೀನ ದರ್ಪಣವೇ ಯಾಕೆ? ಸಮತಲ ಕನ್ನಡಿ ಹಾಕಿದರೆ ಏನು ಕಾಣದೆ ಹೋಗುತ್ತದೆ?

ಮೂರು: ಬಿಸಿ ಪಾತ್ರೆ ಮುಟ್ಟಿದ ಕೈ, ನಿನಗೆ ಬಿಸಿ ಅಂತ ಗೊತ್ತಾಗುವ ಮೊದಲೇ ಹಿಂದೆ ಬಂದಿರುತ್ತದೆ. ಹೇಗೆ?

ಹತ್ತನೇ ಕ್ಲಾಸು

ಒಂದು ಮತ್ತು ಎರಡು ಬರೆದೆ. ಮೂರನೆಯದಕ್ಕೆ ಬೆನ್ನುಹುರಿ ಅಂತ ಬರೆದು ನಿಂತಿದ್ದೇನೆ. ನಡುವೆ ಏನೋ ಒಂದು ಇದೆ, ನೆನಪಾಗುತ್ತಿಲ್ಲ. ಪುಸ್ತಕ ಇನ್ನೂ ತೆಗೆದಿಲ್ಲ ಮೇಡಂ. ಇನ್ನೊಂದು ಐದು ನಿಮಿಷ ನೋಡುತ್ತೇನೆ.